ಗರತಿಯ ಹಾಡಿನಲ್ಲಿ ಸೂಲಗಿತ್ತಿಯ ಸ್ಥಾನ: ಹಲಸಂಗಿ ಸಂಗ್ರಹಗಳು ಮತ್ತು ತಾಯ್ತನದ ಆರೈಕೆಯ ಶಿಕ್ಷಣ

1. ಪ್ರವೇಶ

ಕನ್ನಡ ಜಾನಪದ ಅಧ್ಯಯನದ ಚರಿತ್ರೆಯಲ್ಲಿ ಇಂಡಿ ಸೀಮೆಯ ಹಲಸಂಗಿ ಗ್ರಾಮಕ್ಕೆ ವಿಶಿಷ್ಟವಾದ ಸ್ಥಾನವಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರನ್ನೊಳಗೊಂಡ ಹಲಸಂಗಿ ಗೆಳೆಯರ ಬಳಗವು ‘ಗರತಿಯ ಹಾಡು’ (1931), ‘ಜೀವನ ಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಎಂಬ ಮೂರು ಸಂಗ್ರಹಗಳನ್ನು ಹೊರತಂದು, ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡಿಗೆ ಅಚ್ಚಿನ ಮರ್ಯಾದೆಯನ್ನು ದೊರಕಿಸಿಕೊಟ್ಟಿತು. ಈ ಸಂಗ್ರಹಗಳ ಕಾವ್ಯಗುಣ, ತ್ರಿಪದಿಯ ಲಯ, ಭಾಷೆಯ ದೇಸಿತನ, ನವೋದಯ ಕಾವ್ಯದೊಂದಿಗಿನ ಸಂಬಂಧ ಇವುಗಳ ಬಗೆಗೆ ಕನ್ನಡ ವಿಮರ್ಶೆ ಸಾಕಷ್ಟು ಚರ್ಚಿಸಿದೆ. ಆದರೆ ಹಾಡಿನ ವಸ್ತುವಾದ ಬಸಿರು, ಹೆರಿಗೆ, ಬಾಣಂತನಗಳನ್ನು ಒಂದು ಸಮಾಜದ ಆರೋಗ್ಯಚರಿತ್ರೆಯ ಆಕರವಾಗಿ ಓದುವ ಕೆಲಸ ಆಗಬೇಕಾದಷ್ಟು ಆಗಿಲ್ಲ.

ಈ ಓದು ಇಂದು ಅಗತ್ಯವಾಗಿರುವುದಕ್ಕೆ ಸಾಹಿತ್ಯೇತರವಾದ ಕಾರಣವೂ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲಸಮಾಡಲಿರುವ ಶುಶ್ರೂಷಾ ವಿದ್ಯಾರ್ಥಿನಿಯರು ತಾಯ್ತನದ ಆರೈಕೆಯನ್ನು ಪಠ್ಯಪುಸ್ತಕಗಳಿಂದ ಕಲಿಯುತ್ತಾರೆ. ಅವರ ಮುಂದೆ ಬಂದು ಕೂರುವ ಬಸುರಿಯಾದರೋ ಬೇರೊಂದು ನುಡಿಗಟ್ಟಿನಲ್ಲಿ ತನ್ನ ದೇಹವನ್ನು ಅರಿತಿರುತ್ತಾಳೆ. ಈ ಎರಡರ ನಡುವಿನ ಅಂತರವನ್ನು ತುಂಬಬಲ್ಲ ಸಾಮಗ್ರಿ ಹಲಸಂಗಿಯ ಸಂಗ್ರಹಗಳಲ್ಲಿ ಎಷ್ಟರಮಟ್ಟಿಗೆ ಇದೆ, ಎಷ್ಟರಮಟ್ಟಿಗೆ ಇಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಈ ನಾಲ್ಕು ತಾಲ್ಲೂಕುಗಳಿಂದ ಈಚೆಗೆ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲ್ಲೂಕುಗಳು ರೂಪುಗೊಂಡಿವೆ. ಇಲ್ಲಿ ಹಳೆಯ ತಾಲ್ಲೂಕುಗಳ ವ್ಯಾಪ್ತಿಯನ್ನೇ ಇಟ್ಟುಕೊಳ್ಳಲಾಗಿದೆ.

2. ಹಾಡುವವಳು ಯಾರು?

‘ಗರತಿಯ ಹಾಡು’ ಎಂಬ ಹೆಸರೇ ಒಂದು ವಿಮರ್ಶಾತ್ಮಕ ನಿಲುವನ್ನು ಸೂಚಿಸುತ್ತದೆ. ಗರತಿ ಎಂದರೆ ಸಂಸಾರವಂತೆ, ಮನೆತನದ ಮರ್ಯಾದೆಯನ್ನು ಹೊತ್ತವಳು. ಆಕೆ ಹಾಡಿನಲ್ಲಿ ಮಗಳಾಗಿ, ಸೊಸೆಯಾಗಿ, ತಂಗಿಯಾಗಿ, ತಾಯಿಯಾಗಿ ಮಾತಾಡುತ್ತಾಳೆ. ತವರಿನ ಹಂಬಲ, ಹಡೆದವ್ವನ ನೆನಪು, ಅಣ್ಣನ ದಾರಿ ಕಾಯುವುದು, ತೊಟ್ಟಿಲ ಕೂಸಿನ ಸೊಗಸು, ಮಕ್ಕಳಿಲ್ಲದವಳ ಅಳಲು ಇವು ಈ ತ್ರಿಪದಿಗಳ ಮುಖ್ಯ ವಸ್ತುಗಳು. ತಾಯ್ತನಕ್ಕೆ ಸಂಬಂಧಿಸಿದ ಭಾವನೆಗಳ ಇಷ್ಟು ದೊಡ್ಡ ಹರಹು ಕನ್ನಡದ ಶಿಷ್ಟ ಕಾವ್ಯದಲ್ಲಿ ದೊರೆಯುವುದು ಅಪರೂಪ.

ಆದರೆ ಈ ಹರಹಿನ ನಡುವೆ ಒಂದು ಖಾಲಿ ಜಾಗವಿದೆ. ಬಸಿರಿನ ಬಯಕೆಯಿಂದ ಹಾಡು ನೇರವಾಗಿ ತೊಟ್ಟಿಲಿಗೆ ದಾಟುತ್ತದೆ. ಇವೆರಡರ ನಡುವಿನ ರಾತ್ರಿ, ಅಂದರೆ ಈ ಭಾಗದವರು ‘ಬ್ಯಾನಿ’ ಎಂದು ಕರೆಯುವ ಹೆರಿಗೆ ನೋವಿನ ಹೊತ್ತು, ಹಾಡಿನ ಕೇಂದ್ರವಾಗುವುದಿಲ್ಲ. ಆ ರಾತ್ರಿಯ ಮುಖ್ಯ ವ್ಯಕ್ತಿಯಾದ ಸೂಲಗಿತ್ತಿಯೂ ಹಾಡಿನ ‘ನಾನು’ ಆಗುವುದಿಲ್ಲ. ಬಂದರೂ ಆಕೆ ಕರೆಕಳುಹಿಸಬೇಕಾದವಳಾಗಿ, ಕೆಲಸ ಮುಗಿದ ಮೇಲೆ ಉಡುಗೊರೆ ಪಡೆದು ಹೋಗುವವಳಾಗಿ ಅಂಚಿನಲ್ಲಿ ನಿಲ್ಲುತ್ತಾಳೆ.

ಇದಕ್ಕೆ ಎರಡು ಕಾರಣಗಳನ್ನು ಊಹಿಸಬಹುದಾಗಿದೆ. ಮೊದಲನೆಯದು ತ್ರಿಪದಿಯ ಸ್ವರೂಪಕ್ಕೆ ಸಂಬಂಧಿಸಿದ್ದು. ಬೀಸುವ ಪದವು ಕೌಟುಂಬಿಕ ಸಂಬಂಧಗಳ ಭಾಷೆಯಲ್ಲಿ ಚಲಿಸುತ್ತದೆಯೇ ಹೊರತು ವೃತ್ತಿಯ ಭಾಷೆಯಲ್ಲಿ ಅಲ್ಲ. ಸೂಲಗಿತ್ತಿಯೂ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತಾಗ ಮಗಳಾಗಿಯೋ ತಾಯಿಯಾಗಿಯೋ ಹಾಡುತ್ತಾಳೆ; ತನ್ನ ಕೈಗಳ ವಿದ್ಯೆಯನ್ನು ಹಾಡುವುದಿಲ್ಲ. ಎರಡನೆಯದು ಸಂಗ್ರಾಹಕರಿಗೆ ಸಂಬಂಧಿಸಿದ್ದು. ಹಲಸಂಗಿಯ ಗೆಳೆಯರೆಲ್ಲರೂ ಗಂಡಸರು. ಅಂಗಳದ ಹಾಡು, ಪಡಸಾಲೆಯ ಹಾಡು ಅವರ ಕಿವಿಗೆ ಬೀಳುವುದು ಸಹಜ. ಗಂಡಸರಿಗೆ ಪ್ರವೇಶವಿಲ್ಲದ ಬಾಣಂತಿ ಕೋಣೆಯಲ್ಲಿ ಹೆಂಗಸರು ತಮ್ಮ ತಮ್ಮಲ್ಲಿಯೇ ಆಡಿದ ಮಾತು ಅವರ ಹೊತ್ತಗೆಗೆ ಬರುವ ದಾರಿ ಇರಲಿಲ್ಲ. ಇದು ಅವರ ಸಾಧನೆಯನ್ನು ಕುಂದಿಸುವ ಮಾತಲ್ಲ; ಅವರ ಸಂಗ್ರಹದ ಎಲ್ಲೆಯನ್ನು ಗುರುತಿಸುವ ಮಾತು. ಯಾವ ಸಂಗ್ರಹವೂ ಸಂಗ್ರಾಹಕನು ನಿಲ್ಲಬಹುದಾದ ಜಾಗದಿಂದ ಕೇಳಿಸಿದ್ದನ್ನು ಮಾತ್ರ ಉಳಿಸಿಕೊಡಬಲ್ಲುದು.

3. ಲಿಖಿತ ಪರಂಪರೆಯ ಮೌನ

ಸೂಲಗಿತ್ತಿಯ ಗೈರುಹಾಜರಿ ಜನಪದ ಸಂಗ್ರಹಗಳಿಗೆ ಮಾತ್ರ ಸೀಮಿತವಾದುದಲ್ಲ. ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ದೀರ್ಘವಾದುದು. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕೊಟ್ಟನು. ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ಯಲ್ಲಿ ಮಕ್ಕಳ ಕಾಯಿಲೆಗಳ ವಿಚಾರವಿದೆ. ಹಸುವಿಗೆ, ಹಾವಿನ ಕಡಿತಕ್ಕೆ, ಹುಟ್ಟಿದ ಕೂಸಿಗೆ ಗ್ರಂಥಗಳಿವೆ. ಆ ಕೂಸನ್ನು ಹೊರತಂದ ಕೈಗಳ ಅನುಭವವನ್ನು ಆ ಕೈಗಳೇ ಹೇಳಿದಂತೆ ದಾಖಲಿಸಿದ ಗ್ರಂಥ ಈ ಪ್ರಸಿದ್ಧ ಸಾಲಿನಲ್ಲಿ ಕಾಣದು. ಸೂಲಗಿತ್ತಿಯ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ದಾಟಿದ ವಿದ್ಯೆ. ಬರವಣಿಗೆಯ ಹೊರಗೆ ಉಳಿದದ್ದರಿಂದಲೇ ಅದನ್ನು ‘ಅಜ್ಞಾನ’ವೆಂದು ತಳ್ಳಿಹಾಕುವುದು ಮುಂದೆ ಸುಲಭವಾಯಿತು.

ಇದೇ ಜಿಲ್ಲೆಯ ಬಾಗೇವಾಡಿ ಬಸವಣ್ಣನವರ ಊರು. ಅದೇ ತಾಲ್ಲೂಕಿನ ಇಂಗಳೇಶ್ವರವು ಅವರ ತಾಯಿ ಮಾದಲಾಂಬಿಕೆಯ ತವರೆಂದೂ ಹೆರಿಗೆ ಅಲ್ಲಿಯೇ ಆಯಿತೆಂದೂ ಸ್ಥಳೀಯ ಪರಂಪರೆಯೊಂದು ನಂಬುತ್ತದೆ. ಚೊಚ್ಚಿಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಈ ನೆಲದಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಈ ನಂಬಿಕೆಯೇ ಒಂದು ನಿದರ್ಶನ. ಆದರೆ ಬಸವಪುರಾಣದ ಪರಂಪರೆಯಲ್ಲಿ ಮಾದಲಾಂಬಿಕೆಯ ಗರ್ಭವು ಮೂರು ವರ್ಷ ನಿಂತ ಪವಾಡವಾಗಿ ಬರುತ್ತದೆ. ಮಹಾಪುರುಷನ ಹುಟ್ಟು ದೈವದ ಕೆಲಸವಾದಾಗ ಸೂಲಗಿತ್ತಿಗೆ ಅಲ್ಲಿ ಕೆಲಸವಿರುವುದಿಲ್ಲ.

ವಚನಗಳ ನಿಲುವು ಇದಕ್ಕಿಂತ ಭಿನ್ನವಾದುದು. ಮುಟ್ಟಿನ ಹೊಲೆಯೆಂದು ಲೋಕವು ಹೇಸುವ ವಸ್ತುವೇ ಗರ್ಭಕ್ಕೆ ಆಶ್ರಯವಾಗಿರುವಾಗ ಹುಟ್ಟಿನಲ್ಲಿ ಕುಲಭೇದವೆಲ್ಲಿಯದು ಎಂಬುದು ಬಸವಣ್ಣನವರ ವಾದ. ಜನನಸೂತಕವೂ ಸೇರಿದಂತೆ ಪಂಚಸೂತಕಗಳ ನಿರಾಕರಣೆ ಶರಣಧರ್ಮದ ಮುಖ್ಯ ತತ್ತ್ವಗಳಲ್ಲೊಂದು. ಈ ತತ್ತ್ವವು ಪೂರ್ಣವಾಗಿ ಆಚರಣೆಗೆ ಬಂದಿದ್ದರೆ, ಹೆರಿಗೆಯ ರಕ್ತವನ್ನು ಮುಟ್ಟುವ ಕೆಲಸವು ಕೀಳೆಂಬ ಭಾವನೆ ಈ ನೆಲದಲ್ಲಿ ಮೊಟ್ಟಮೊದಲು ಅಳಿಯಬೇಕಾಗಿತ್ತು. ನೂಲುವ ಕಾಯಕದ ಕದಿರ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮಮ್ಮ ಇವರು ಕಾಯಕದ ಹೆಸರಿನಿಂದಲೇ ನಮಗೆ ಪರಿಚಿತರು. ಹೆರಿಗೆ ಮಾಡಿಸುವ ಕಾಯಕದ ಹೆಸರನ್ನು ಹೊತ್ತ ಶರಣೆ ಪ್ರಸಿದ್ಧ ವಚನಕಾರ್ತಿಯರ ಸಾಲಿನಲ್ಲಿ ಕಾಣುವುದಿಲ್ಲ. ತತ್ತ್ವವು ಸೂತಕವನ್ನು ಅಳಿಸಿತು. ಆದರೆ ಸೂತಕದ ಕೋಣೆಯಲ್ಲಿ ದುಡಿದವಳಿಗೆ ಧ್ವನಿ ದೊರೆಯಲಿಲ್ಲ.

4. ಆಡಳಿತದ ದಾಖಲೆ

ಸೂಲಗಿತ್ತಿ ಲಿಖಿತ ರೂಪದಲ್ಲಿ ಎದುರಾಗುವುದು ವಸಾಹತು ಆಡಳಿತದ ಬರವಣಿಗೆಯಲ್ಲಿ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ 1884ರಲ್ಲಿ ಪ್ರಕಟವಾದ ಬಿಜಾಪುರ ಜಿಲ್ಲೆಯ ಗ್ಯಾಸೆಟಿಯರ್ ಇಲ್ಲಿನ ಜನವರ್ಗಗಳ ಆಚಾರಗಳನ್ನು ವಿವರಿಸುವಾಗ ಹುಟ್ಟಿನ ವಿಧಿಗಳನ್ನೂ ಹೇಳುತ್ತದೆ. ಅಲ್ಲಿ ಸೂಲಗಿತ್ತಿ ಹೊಕ್ಕುಳ ಬಳ್ಳಿಯನ್ನು ಕೊಯ್ಯುವವಳಾಗಿ ಬಂದು ಹೋಗುತ್ತಾಳೆ. ಕ್ರಿಯೆ ಇದೆ, ಕರ್ತೃ ಇಲ್ಲ. ಆಕೆಗೆ ಏನು ತಿಳಿದಿತ್ತು, ಕೂಸು ಅಡ್ಡ ತಿರುಗಿದಾಗ ಆಕೆ ಏನು ಮಾಡುತ್ತಿದ್ದಳು, ಯಾವಾಗ ಕೈಚೆಲ್ಲುತ್ತಿದ್ದಳು ಎಂಬ ಪ್ರಶ್ನೆಗಳು ಆ ಬಗೆಯ ದಾಖಲೆಗೆ ಹೊಳೆಯುವುದಿಲ್ಲ.

1885ರಲ್ಲಿ ಸ್ಥಾಪನೆಯಾದ ಡಫರಿನ್ ನಿಧಿ, 1903ರಲ್ಲಿ ದಾಯಿಯರ ತರಬೇತಿಗಾಗಿಯೇ ಆರಂಭವಾದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಇವುಗಳೊಂದಿಗೆ ಸೂಲಗಿತ್ತಿಯನ್ನು ‘ತಿದ್ದುವ’ ಯುಗ ಮೊದಲಾಯಿತು. ಸ್ವಾತಂತ್ರ್ಯಾನಂತರವೂ ದಾಯಿಯರಿಗೆ ತರಬೇತಿ ನೀಡುವ ನೀತಿ ಮುಂದುವರಿಯಿತು. ವಿಶ್ವ ಆರೋಗ್ಯ ಸಂಸ್ಥೆಯು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಹಾಗೂ ಯುನಿಸೆಫ್‌ಗಳೊಂದಿಗೆ 1992ರಲ್ಲಿ ಹೊರಡಿಸಿದ ಹೇಳಿಕೆಯು ಸಾಂಪ್ರದಾಯಿಕ ಸೂಲಗಿತ್ತಿಯರ ತರಬೇತಿಗೆ ಒತ್ತುಕೊಟ್ಟಿತ್ತು. 2004ರ ವೇಳೆಗೆ ಅದೇ ಸಂಸ್ಥೆಯು ಸೂಲಗಿತ್ತಿಯರ ಹಾಗೂ ಪ್ರಸೂತಿತಜ್ಞರ ಅಂತರರಾಷ್ಟ್ರೀಯ ಒಕ್ಕೂಟಗಳ ಜತೆಗೂಡಿ, ನುರಿತ ಹೆರಿಗೆ ಸಹಾಯಕಿಯೇ ಅನಿವಾರ್ಯವೆಂದು ಸಾರಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವೂ ಜನನಿ ಸುರಕ್ಷಾ ಯೋಜನೆಯೂ ಬಂದ ಮೇಲೆ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ವೇಗವಾಗಿ ಸರಿಯಿತು.

ಈ ಬದಲಾವಣೆಯ ಫಲವನ್ನು ಅಲ್ಲಗಳೆಯುವಂತಿಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣದ ಪ್ರಮಾಣವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಗಳಲ್ಲಿ ನಡೆದಿವೆ. ಬಳ್ಳಿ ಕೊಯ್ದ ಗಾಯದ ಸೋಂಕಿನಿಂದ ಕೂಸುಗಳನ್ನು ಬಲಿತೆಗೆದುಕೊಳ್ಳುತ್ತಿದ್ದ ಧನುರ್ವಾಯು 2015ರ ವೇಳೆಗೆ ನಿರ್ಮೂಲನದ ಮಟ್ಟವನ್ನು ತಲುಪಿತು. ಆದ್ದರಿಂದ ಹಳೆಯ ಸೂಲಗಿತ್ತಿಯ ವ್ಯವಸ್ಥೆಗೆ ಮರಳಬೇಕೆಂಬ ಭಾವುಕ ವಾದಕ್ಕೆ ಇಲ್ಲಿ ಎಡೆಯಿಲ್ಲ. ಪ್ರಶ್ನೆ ಇರುವುದು ಬೇರೆಡೆ. ಸೂಲಗಿತ್ತಿ ಹೋದಳು, ಆಕೆಯೊಂದಿಗೆ ಹೋದದ್ದರಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು?

5. ಮೂರು ವಿಳಂಬಗಳು ಮತ್ತು ಅಣ್ಣನ ದಾರಿ

ತಾಯಂದಿರ ಮರಣದ ಅಧ್ಯಯನದಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬ ವಿದ್ವಾಂಸರು 1994ರಲ್ಲಿ ಮಂಡಿಸಿದ ‘ಮೂರು ವಿಳಂಬ’ಗಳ ಪರಿಕಲ್ಪನೆ ಇಂದು ಪಠ್ಯಗಳಲ್ಲಿ ನೆಲೆಗೊಂಡಿದೆ. ಚಿಕಿತ್ಸೆ ಪಡೆಯಬೇಕೆಂಬ ನಿರ್ಧಾರದಲ್ಲಿನ ವಿಳಂಬ, ಆಸ್ಪತ್ರೆಯನ್ನು ತಲುಪುವುದರಲ್ಲಿನ ವಿಳಂಬ, ತಲುಪಿದ ಮೇಲೆ ಯೋಗ್ಯ ಚಿಕಿತ್ಸೆ ದೊರೆಯುವುದರಲ್ಲಿನ ವಿಳಂಬ ಇವೇ ಆ ಮೂರು. ವಿದ್ಯಾರ್ಥಿನಿ ಇದನ್ನು ಒಂದು ಸೂತ್ರವಾಗಿ ಕಲಿಯುತ್ತಾಳೆ. ಆದರೆ ಮೊದಲನೆಯ ವಿಳಂಬದ ಒಳಗೆ ಏನಿದೆ ಎಂಬುದನ್ನು ಗರತಿಯ ಹಾಡಿನಷ್ಟು ಸ್ಪಷ್ಟವಾಗಿ ತೋರಿಸುವ ಪಠ್ಯ ಇನ್ನೊಂದಿಲ್ಲ.

ತವರಿನ ಹಾಡುಗಳನ್ನು ಈ ದೃಷ್ಟಿಯಿಂದ ಓದಬೇಕಾಗಿದೆ. ಆ ಹಾಡುಗಳಲ್ಲಿ ಹೆಣ್ಣು ತಾನಾಗಿ ಹೊರಡುವುದಿಲ್ಲ. ಅಣ್ಣ ಕರೆಯಲು ಬರಬೇಕು. ಅಣ್ಣ ಬಂದರೂ ಅತ್ತೆಯ ಅಪ್ಪಣೆಯಾಗಬೇಕು, ಗಂಡನ ಮುಖ ನೋಡಬೇಕು. ದಾರಿ ನೋಡುವುದು, ಕಾಯುವುದು, ಕೇಳಿಕೊಳ್ಳುವುದು ಇವೇ ಆಕೆಯ ಪಾಲಿನ ಕ್ರಿಯಾಪದಗಳು. ಕಾವ್ಯವಿಮರ್ಶೆ ಇದನ್ನು ಹಂಬಲವೆಂದು, ಕರುಣರಸವೆಂದು ಗುರುತಿಸಿದೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಇದು ತನ್ನ ದೇಹವನ್ನು ಎಲ್ಲಿಗೆ ಒಯ್ಯಬೇಕೆಂಬ ನಿರ್ಧಾರ ತನ್ನ ಕೈಯಲ್ಲಿಲ್ಲದ ಸ್ಥಿತಿ. ಏಳು ತಿಂಗಳ ಬಸುರಿಗೆ ಮುಖ ಬಾತುಕೊಂಡಿದೆ, ತಲೆ ಸಿಡಿಯುತ್ತಿದೆ ಎಂದರೆ ಅದು ರಕ್ತದೊತ್ತಡದ ಅಪಾಯಸೂಚನೆಯೆಂದು ವಿದ್ಯಾರ್ಥಿನಿ ಅರಿಯುತ್ತಾಳೆ. ಆ ಸೂಚನೆಯನ್ನು ಬಸುರಿಗೆ ಮಾತ್ರ ತಿಳಿಸಿದರೆ ಸಾಲದು, ನಿರ್ಧರಿಸುವ ಅತ್ತೆಗೂ ಗಂಡನಿಗೂ ತಿಳಿಸಬೇಕು ಎಂಬುದನ್ನು ಹಾಡು ಕಲಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ನಿರ್ಧಾರವು ಆಕೆಯದೇ ಆಗಬೇಕೆಂದು ವಾದಿಸುವುದು ವಿದ್ಯಾರ್ಥಿನಿಯ ಹೊಣೆ.

ತವರಿನ ರೂಢಿಗೆ ಇನ್ನೊಂದು ಮುಖವೂ ಇದೆ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆದ ಬಸುರಿಯು ಕುಬಸದ ಶಾಸ್ತ್ರ ಮುಗಿಸಿ ತವರಿಗೆ ಹೋದಾಗ ಆಕೆಯ ಆರೈಕೆ ಎರಡು ಊರುಗಳ ನಡುವೆ ಹಂಚಿಹೋಗುತ್ತದೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರದ ಕಡೆಗೆ, ಗೋವೆಯ ಕಡೆಗೆ ದುಡಿಯಲು ಹೋಗುವ ಕುಟುಂಬಗಳಲ್ಲಿ ಇದು ಮೂರು ಊರುಗಳ ಮಾತಾಗುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಿಗೆ ಚದುರಿದ ಮನೆತನಗಳ ಹೆಣ್ಣುಮಕ್ಕಳಿಗೆ ತವರೆಂಬುದರ ವಿಳಾಸವೇ ಬದಲಾಗಿದೆ. ಹಾಡಿನ ತವರು ಸ್ಥಿರವಾದುದು. ಇಂದಿನ ಬಸುರಿಯ ತವರು ಸ್ಥಿರವಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹಾಡನ್ನು ಓದಿದರೆ ಅದು ಕೇವಲ ಹಳಹಳಿಕೆಯಾಗುತ್ತದೆ.

6. ಬಯಕೆ, ಉಡಿ, ಸಟವಿ: ಪದಗಳೊಳಗಿನ ಜ್ಞಾನ

ಕನ್ನಡದ ಬಯಕೆಯ ಹಾಡುಗಳು ಬಸಿರಿನ ತಿಂಗಳುಗಳನ್ನು ಒಂದೊಂದಾಗಿ ಎಣಿಸುತ್ತ ಬಸುರಿ ಬಯಸುವ ತಿನಿಸುಗಳನ್ನು ಹೇಳುವ ರಚನೆಯುಳ್ಳವು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆ ತನಗೆ ಇಂಥದೇ ಬೇಕೆಂದು ಬಾಯಿಬಿಟ್ಟು ಕೇಳಬಹುದಾದ ಕಾಲ ಅದೊಂದೇ. ಹಾಡು ಆ ಕೇಳಿಕೆಗೆ ಸಾಮಾಜಿಕ ಒಪ್ಪಿಗೆಯನ್ನು ಕೊಡುತ್ತದೆ. ರಾಜ್ಯದ ಬಸುರಿಯರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದನ್ನು ಮೇಲೆ ಹೇಳಿದ ಸಮೀಕ್ಷೆಯೇ ತೋರಿಸಿದೆ. ಹೆರಿಗೆಯ ನಂತರದ ರಕ್ತಸ್ರಾವವು ರಕ್ತಹೀನಳಾದ ತಾಯಿಗೆ ಬೇಗ ಮಾರಕವಾಗುತ್ತದೆ. ಕಬ್ಬಿಣಾಂಶದ ಗುಳಿಗೆಯ ಮಾತನ್ನು ವಿದ್ಯಾರ್ಥಿನಿಯು ಆಜ್ಞೆಯಿಂದ ಆರಂಭಿಸುವ ಬದಲು ಬಯಕೆಯಿಂದ ಆರಂಭಿಸಿದರೆ, ಉಣ್ಣುವುದು ಬಸುರಿಯ ಹಕ್ಕೆಂಬ ಹಳೆಯ ಒಪ್ಪಂದವನ್ನು ಮನೆಯವರಿಗೆ ನೆನಪಿಸಿದಂತಾಗುತ್ತದೆ. ಬಾಣಂತಿಗೆ ಕೊಡುವ ಅಳವಿಯ ಪಾಯಸ, ಅಂಟಿನ ಉಂಡಿಗಳಂಥ ತಿನಿಸುಗಳನ್ನು ಉಳಿಸಿಕೊಂಡು, ಬಾಣಂತಿಗೆ ನೀರು ಕಡಿಮೆ ಕೊಡುವ, ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ರೂಢಿಗಳನ್ನು ಬಿಡಿಸುವ ವಿವೇಕವೂ ಇಂಥ ಮಾತುಕತೆಯಲ್ಲಿಯೇ ಸಾಧ್ಯ.

ಪದಗಳ ಆಯ್ಕೆಯ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. 2007ರಲ್ಲಿ ರಾಜ್ಯ ಸರ್ಕಾರವು ಬಾಣಂತಿಯರಿಗೆ ಅಗತ್ಯ ವಸ್ತುಗಳ ಕಿಟ್ ಕೊಡುವ ಯೋಜನೆಗೆ ‘ಮಡಿಲು’ ಎಂದು ಹೆಸರಿಟ್ಟಿತು. ಹೆಸರು ಸೊಗಸಾದುದು; ಮಡಿಲು ತುಂಬುವ ಆಚರಣೆಯನ್ನು ನೆನಪಿಸುವಂಥದು. ಆದರೆ ಈ ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳು ಅದೇ ಆಚರಣೆಯನ್ನು ‘ಉಡಿ ತುಂಬುವುದು’ ಎನ್ನುತ್ತಾರೆ. ಅವರಿಗೆ ಬಸುರಿ ‘ಹೊಟ್ಟಿಲೆ’ ಇರುತ್ತಾಳೆ, ಸೀಮಂತ ‘ಕುಬಸ’ವಾಗುತ್ತದೆ, ಹೆರಿಗೆ ‘ಹಡೆಯುವುದು’ ಆಗುತ್ತದೆ. ‘ಪ್ರಸವಪೂರ್ವ ತಪಾಸಣೆ’, ‘ಗರ್ಭಾವಧಿ’ ಮೊದಲಾದ ಪಾರಿಭಾಷಿಕಗಳನ್ನು ಬರೆದು ಪರೀಕ್ಷೆಯಲ್ಲಿ ಉತ್ತೀರ್ಣಳಾದ ವಿದ್ಯಾರ್ಥಿನಿಗೆ, ‘ನಿನ್ನಿಯಿಂದ ಕೂಸು ಮಿಸುಕಾಡವಲ್ದು’ ಎಂಬ ಮಾತಿನ ತುರ್ತು ಒಡನೆಯೇ ಕೇಳಿಸಬೇಕು. ಬಾಗೇವಾಡಿ, ಮುದ್ದೇಬಿಹಾಳ ಭಾಗದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಪಟ್ಟಣಗಳ ಅನೇಕ ಓಣಿಗಳಲ್ಲಿ ಉರ್ದು. ಆದಕಾರಣ ಕನ್ನಡದ ಹಾಡುಗಳ ಓದು ಇಡೀ ಪ್ರದೇಶವನ್ನು ಒಳಗೊಂಡಿತೆಂದು ಹೇಳುವಂತಿಲ್ಲ. ತಾಂಡಾದ ಹಾಡುಗಳೂ ಇದೇ ಕಾಳಜಿಯಿಂದ ಸಂಗ್ರಹವಾಗಬೇಕಾಗಿದೆ.

ಹುಟ್ಟಿದ ಐದನೆಯ ರಾತ್ರಿ ಸಟವಿ ಬಂದು ಕೂಸಿನ ಹಣೆಯ ಮೇಲೆ ಬರೆಯುತ್ತಾಳೆಂಬ ನಂಬಿಕೆ ಷಷ್ಠೀದೇವಿಯ ಪರಂಪರೆಗೆ ಸೇರಿದ್ದು. ಅಂದು ಮನೆಯವರು ಎಚ್ಚರವಿದ್ದು ಕೂಸನ್ನು ಕಾಯುತ್ತಾರೆ. ಹಣೆಬರಹದ ಈ ಕಲ್ಪನೆ ಸಾವನ್ನು ಒಪ್ಪಿಕೊಳ್ಳುವ ದಾರಿಯೂ ಹೌದು, ಅದರ ಕಾರಣವನ್ನು ಕೇಳದಿರುವ ನೆಪವೂ ಹೌದು. ಆದರೆ ಎಚ್ಚರದ ರಾತ್ರಿಯ ಹಿಂದೆ ಒಂದು ಅನುಭವವಿದೆ: ಮೊದಲ ವಾರವೇ ತಾಯಿ-ಕೂಸುಗಳಿಗೆ ಅತ್ಯಂತ ಅಪಾಯದ ಕಾಲ. ಆಧುನಿಕ ವೈದ್ಯವೂ ಇದನ್ನೇ ಹೇಳುತ್ತದೆ. ಬಾಣಂತಿಗೆ ಜ್ವರ, ದುರ್ವಾಸನೆಯ ಸ್ರಾವ, ಕೂಸು ಮೊಲೆ ಹಿಡಿಯದಿರುವುದು ಇವುಗಳನ್ನು ಗಮನಿಸಲು ಆಶಾ ಕಾರ್ಯಕರ್ತೆ ಮನೆಗೆ ಬರುವುದು ಆ ದಿನಗಳಲ್ಲಿಯೇ. ನಂಬಿಕೆಯನ್ನು ಹೀಗಳೆಯದೆ ಅದರ ಎಚ್ಚರವನ್ನು ಉಳಿಸಿಕೊಂಡು ಅದರ ವಿಧಿವಾದವನ್ನು ಸಡಿಲಿಸುವುದು ಶಿಕ್ಷಣದ ಕೆಲಸ.

7. ಆಕ್ಷೇಪ ಮತ್ತು ಪರಿಹಾರ

ಕಾವ್ಯವನ್ನು ಹೀಗೆ ಆರೋಗ್ಯಶಿಕ್ಷಣದ ಉಪಕರಣವಾಗಿಸುವುದು ಸಾಹಿತ್ಯಕ್ಕೆ ಮಾಡುವ ಅಪಚಾರವಲ್ಲವೇ ಎಂಬ ಆಕ್ಷೇಪ ಏಳಬಹುದು. ಹಾಡು ಸಮೀಕ್ಷೆಯಲ್ಲ, ಕೈಪಿಡಿಯೂ ಅಲ್ಲ ಎಂಬುದು ನಿಜ. ಮಕ್ಕಳಿಲ್ಲದವಳ ದುಃಖವನ್ನು ಹಾಡುವ ತ್ರಿಪದಿಗಳು ಬಂಜೆತನವನ್ನು ಹೆಣ್ಣಿನ ಕೊರತೆಯೆಂದೇ ಭಾವಿಸಿದ ಸಮಾಜದ ಒಳಗಿನಿಂದ ಬಂದಿವೆ. ಅವನ್ನು ಮೌಲ್ಯವಾಗಿ ಬೋಧಿಸಿದರೆ, ಮದುವೆಯಾದೊಡನೆ ಹಡೆಯಬೇಕೆಂಬ ಒತ್ತಡಕ್ಕೆ ಇನ್ನಷ್ಟು ಬಲ ಬರುತ್ತದೆ. ಹದಿನೆಂಟು ತುಂಬುವ ಮೊದಲೇ ಮದುವೆಯಾಗುವ ಹುಡುಗಿಯರು ಇಂದಿಗೂ ಇರುವ ಪ್ರದೇಶದಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ಹಾಡನ್ನು ಉಪದೇಶವಾಗಿ ಅಲ್ಲ, ಸಾಕ್ಷ್ಯವಾಗಿ ಓದಬೇಕು. ಸಾಕ್ಷಿ ಹೇಳುವುದೆಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ಸಾಕ್ಷಿಯನ್ನು ಕೇಳದೆ ತೀರ್ಪು ಕೊಡಲಾಗದು.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಅವರು ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಮೊದಲಾದ ಕೃತಿಗಳ ಮೂಲಕ ವೈದ್ಯವಿಜ್ಞಾನವನ್ನು ಕನ್ನಡದ ಗೃಹಿಣಿಯ ಹತ್ತಿರಕ್ಕೆ ತಂದರು. ‘ಕಿವಿಮಾತು’ ಎಂಬ ಪದವೇ ಹಿರಿಯ ಹೆಂಗಸು ಕಿರಿಯಳಿಗೆ ಹೇಳುವ ಧಾಟಿಯನ್ನು ನೆನಪಿಸುತ್ತದೆ. ಸೂಲಗಿತ್ತಿಯ ಸ್ಥಾನದಲ್ಲಿ ವೈದ್ಯೆ ನಿಂತು ಆಡಿದ ಮಾತು ಅದು. ಆದರೆ ಅದು ಓದಬಲ್ಲವಳನ್ನು ಉದ್ದೇಶಿಸಿದ ಮಾತು. ಓದು ಬಾರದವಳಿಗೆ ಆ ಕಿವಿಮಾತನ್ನು ತಲುಪಿಸಬೇಕಾದವಳು ಹಳ್ಳಿಯ ಉಪಕೇಂದ್ರದ ಶುಶ್ರೂಷಕಿ.

ಸೂಲಗಿತ್ತಿಯ ವಿದ್ಯೆಗೆ ಸಾರ್ವಜನಿಕ ಮನ್ನಣೆ ದೊರೆತದ್ದು ಬಹಳ ತಡವಾಗಿ. ಅಜ್ಜಿಯಿಂದ ಕಲಿತ ವಿದ್ಯೆಯಿಂದ ಪಾವಗಡ ತಾಲ್ಲೂಕಿನಲ್ಲಿ ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅದೇ 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಭಾರತದಲ್ಲಿ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿ, ಶುಶ್ರೂಷಕಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿಯನ್ನು ಕೊಟ್ಟು ಸಹಜ ಹೆರಿಗೆಯ ಹೊಣೆಯನ್ನು ಅವರಿಗೆ ವಹಿಸುವ ನೀತಿಯನ್ನು ಅಂಗೀಕರಿಸಿತು. ಹೆರಿಗೆಯ ಹೊತ್ತಿನಲ್ಲಿ ತಾಯಿ ತನಗೆ ಬೇಕಾದ ಒಬ್ಬರನ್ನು ಜೊತೆಗಿರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷ ಶಿಫಾರಸು ಮಾಡಿತು. ಹಡೆದವ್ವ ಹತ್ತಿರವಿರಬೇಕೆಂಬ ಗರತಿಯ ಹಂಬಲಕ್ಕೆ ವೈಜ್ಞಾನಿಕ ಸಮರ್ಥನೆ ದೊರೆತಂತಾಯಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯ ನಂತರ ಸಂಭವಿಸಿದ ಬಾಣಂತಿಯರ ಸಾವುಗಳು, ಆಸ್ಪತ್ರೆಯ ಬಾಗಿಲನ್ನು ದಾಟಿದ ಮಾತ್ರಕ್ಕೆ ರಕ್ಷಣೆ ಪೂರ್ಣವಾಗುವುದಿಲ್ಲವೆಂಬುದನ್ನು, ಎಂದರೆ ಮೂರನೆಯ ಹಂತದ ಲೋಪವನ್ನು, ನಾಡಿಗೆ ನೆನಪಿಸಿದವು. ತಾಯಿಯ ಪರವಾಗಿ ಪ್ರಶ್ನೆ ಕೇಳುವ ಒಬ್ಬಳು ಆಕೆಯ ಹತ್ತಿರ ಇರಬೇಕೆಂಬುದೇ ಸೂಲಗಿತ್ತಿಯ ಪರವಾದ ವಾದದ ತಿರುಳು.

8. ಉಪಸಂಹಾರ

ಒಟ್ಟಾರೆಯಾಗಿ ನೋಡಿದಾಗ ಮೂರು ಬಗೆಯ ಪಠ್ಯಗಳು, ಮೂರು ಬಗೆಯ ಕೊರತೆಗಳು ಎದುರಾಗುತ್ತವೆ. ಗರತಿಯ ಹಾಡಿನಲ್ಲಿ ತಾಯಿಯ ಧ್ವನಿಯಿದೆ, ಸೂಲಗಿತ್ತಿಯಿಲ್ಲ. ಆಡಳಿತದ ದಾಖಲೆಯಲ್ಲಿ ಸೂಲಗಿತ್ತಿಯಿದ್ದಾಳೆ, ಆಕೆಯ ಧ್ವನಿಯಿಲ್ಲ. ಪಠ್ಯಪುಸ್ತಕದಲ್ಲಿ ವಿಧಾನವಿದೆ, ಈ ನೆಲದ ಹೆಣ್ಣಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ಓದಿದ ವಿದ್ಯಾರ್ಥಿನಿ ಮಾತ್ರ ಈ ವಿದ್ಯೆಯನ್ನು ಪೂರ್ಣವಾಗಿ ಪಡೆಯಬಲ್ಲಳು.

ವಚನಗಳನ್ನು ಸಂಪಾದಿಸಿದ ಫ. ಗು. ಹಳಕಟ್ಟಿಯವರೇ 1910ರಲ್ಲಿ ಬಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಗಲ್ಲು ಹಾಕಿದವರು. ಆ ಸಂಸ್ಥೆಯ ವೈದ್ಯಕೀಯ ಕಾಲೇಜು 1986ರಿಂದ ನಡೆದುಬಂದಿದೆ. ಶುಶ್ರೂಷಾ ಶಿಕ್ಷಣವೂ ಅದರ ಆಶ್ರಯದಲ್ಲಿದೆ. ಅದೇ ನಗರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಸೂತಕವನ್ನು ನಿರಾಕರಿಸಿದ ವಚನ, ತವರನ್ನು ಹಾಡಿದ ತ್ರಿಪದಿ, ಹೆರಿಗೆಯ ವಿಜ್ಞಾನ ಈ ಮೂರೂ ಒಂದೇ ಜಿಲ್ಲೆಯ ಗ್ರಂಥಾಲಯಗಳ ಬೇರೆ ಬೇರೆ ಕಪಾಟುಗಳಲ್ಲಿವೆ.

ಅವುಗಳನ್ನು ಒಂದೆಡೆಗೆ ತರುವ ಕೆಲಸ ಮೂರು ನೆಲೆಗಳಲ್ಲಿ ಆಗಬೇಕಾಗಿದೆ. ಮೊದಲನೆಯದಾಗಿ, ಈ ನಾಲ್ಕು ತಾಲ್ಲೂಕುಗಳ ಕನ್ನಡ, ಲಂಬಾಣಿ, ಉರ್ದು ಮಾತುಗಳಲ್ಲಿ ಬಸಿರು-ಬಾಣಂತನಗಳಿಗೆ ಸಂಬಂಧಿಸಿದ ಪದಕೋಶವೊಂದು ಸಿದ್ಧವಾಗಬೇಕು. ಎರಡನೆಯದಾಗಿ, ಹಲಸಂಗಿಯ ಸಂಗ್ರಹಗಳಿಗೆ ವಿಷಯಸೂಚಿಯನ್ನು ಅಳವಡಿಸಿ, ತಾಯ್ತನದ ಹಾಡುಗಳನ್ನು ಶುಶ್ರೂಷಾ ವಿದ್ಯಾರ್ಥಿನಿಯರಿಗೆ ಪೂರಕ ಓದಾಗಿ ಒದಗಿಸಬೇಕು. ಮೂರನೆಯದಾಗಿ, ಹೆರಿಗೆ ಮಾಡಿಸುವುದನ್ನು ಬಿಟ್ಟು ಮುಪ್ಪಿನಲ್ಲಿರುವ ಸೂಲಗಿತ್ತಿಯರ ನೆನಪುಗಳನ್ನು ಅವರ ಒಪ್ಪಿಗೆಯೊಂದಿಗೆ, ಅವರ ಮಾತಿನಲ್ಲಿಯೇ ದಾಖಲಿಸಬೇಕು. ಹಲಸಂಗಿಯ ಗೆಳೆಯರು ನಿಲ್ಲಲಾಗದ ಬಾಣಂತಿ ಕೋಣೆಯಲ್ಲಿ ಇಂದಿನ ವಿದ್ಯಾರ್ಥಿನಿ ನಿಲ್ಲಬಲ್ಲಳು. ಅವರು ಬರೆದುಕೊಳ್ಳಲಾಗದ್ದನ್ನು ಆಕೆ ಬರೆದುಕೊಳ್ಳಬಹುದು. ಮೊದಲೆರಡು ಕೆಲಸಗಳು ತಡವಾದರೂ ಸಾಗಿಯಾವು. ಮೂರನೆಯದಕ್ಕೆ ಉಳಿದಿರುವ ಕಾಲ ಆ ಮುದುಕಿಯರ ಆಯುಷ್ಯದಷ್ಟೇ.